ಹೊಸ ವಿಂಡೋಸ್‌ಗೆ ಕೈ ಪಳಗಿಸಿಕೊಳ್ಳುವ ಬಗೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್‌ಗಳ ಸಾಮಾನ್ಯ ಅವಧಿ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತರಣೆ ಇದೆಯಾದರೂ ಅದು ಕೆಲಸವನ್ನು ಮುಂದೂಡುವ ಏರ್ಪಾಡೇ ಹೊರತು ತಪ್ಪಿಸುವ ಏರ್ಪಾಡಲ್ಲ. ಹೀಗಾಗಿ ಮಂಗಳೂರಿನ ಹಂಪನಕಟ್ಟೆಯ ಜೆರಾಕ್ಸ್ ಅಂಗಡಿಯಿಂದ ಉಡುಪಿಯ ವಕೀಲರ ಕಚೇರಿಯವರೆಗೆ ಎಲ್ಲರೂ ಒಬ್ಬೊಬ್ಬರಾಗಿ ವಿಂಡೋಸ್ 11ಕ್ಕೆ ಬರುತ್ತಿದ್ದಾರೆ. ಬಂದವರಲ್ಲಿ ಹಲವರು ಮೊದಲ ವಾರದಲ್ಲೇ ಹಳೆಯದೇ ಚೆನ್ನಾಗಿತ್ತು ಎನ್ನುತ್ತಿದ್ದಾರೆ.

ಆ ಮಾತನ್ನು ಬರೀ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ದಿನಕ್ಕೆ ಹತ್ತಾರು ಬಾರಿ ಮಾಡುವ ಕೆಲಸವನ್ನು ನಾವು ಕಣ್ಣಿನಿಂದ ಹುಡುಕಿ ಮಾಡುವುದಿಲ್ಲ, ಅದು ಕೈಗೇ ಗೊತ್ತಿರುತ್ತದೆ. ಸ್ಟಾರ್ಟ್ ಗುಂಡಿ ಎಡಮೂಲೆಯಲ್ಲಿದೆ, ಕಾಪಿ ಎಂಬ ಆಯ್ಕೆ ಪಟ್ಟಿಯ ನಡುವಿನಲ್ಲಿದೆ ಎಂಬುದು ಕೈಗೆ ರೂಢಿಯಾದ ಜಾಗ. ಹೊಸ ಆವೃತ್ತಿ ಬಂದಾಗ ಮೊದಲು ಬದಲಾಗುವುದೇ ಈ ಜಾಗಗಳು. ಆದರೆ ಕೆಲಸದ ಹೆಸರು ಮತ್ತು ಆ ಕೆಲಸಕ್ಕೆ ಗೊತ್ತುಮಾಡಿದ ಕೀಲಿಗಳು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಆದ್ದರಿಂದ ಈ ಬರಹದ ಸಲಹೆಯ ತಿರುಳು ಇಷ್ಟೇ: ಜಾಗವನ್ನು ನೆಚ್ಚಿಕೊಂಡ ಅಭ್ಯಾಸಗಳನ್ನು ಸಾಧ್ಯವಾದಷ್ಟು ಹೆಸರು ಮತ್ತು ಕೀಲಿಗಳ ಅಭ್ಯಾಸಗಳಾಗಿ ಬದಲಾಯಿಸಿಕೊಳ್ಳಬೇಕು. ಹಾಗೆ ಮಾಡಿಕೊಂಡವರಿಗೆ ಇದರ ಮುಂದಿನ ಆವೃತ್ತಿಯೂ ಅಷ್ಟಾಗಿ ಕಾಡುವುದಿಲ್ಲ.

ಒಂದು ಉದಾಹರಣೆಯನ್ನು ನೋಡಬಹುದು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಿಡುಗಡೆಯಾದಾಗ, ಪರದೆಯ ಕೆಳಗಿನ ಟಾಸ್ಕ್‌ಬಾರಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತಿದ್ದ, ನಡೆಯುತ್ತಿರುವ ತಂತ್ರಾಂಶಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ಅಲ್ಲಿಂದ ಕಾಣೆಯಾಗಿತ್ತು. ದೂರುಗಳ ಬಳಿಕ ಮುಂದಿನ ಅಪ್‌ಡೇಟ್‌ಗಳಲ್ಲಿ ಅದು ಮರಳಿ ಬಂತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಅದನ್ನು ತೆರೆಯುತ್ತಿದ್ದವರಿಗೆ ಅದು ಹೋದದ್ದೂ ತಿಳಿಯಲಿಲ್ಲ, ಬಂದದ್ದೂ ತಿಳಿಯಲಿಲ್ಲ.

ಬದಲಾಯಿಸುವ ಮುನ್ನ

ಅಪ್‌ಗ್ರೇಡ್ ಗುಂಡಿಯನ್ನು ಒತ್ತುವ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ನಿಜವಾಗಿ ನಡೆಯುವ ಕೆಲಸಗಳನ್ನು ಬರೆದುಕೊಳ್ಳಿ. ಹೊಸ ಆವೃತ್ತಿಯಲ್ಲಿ ಏನೇನು ವಿಶೇಷಗಳಿವೆ ಎಂದು ಓದುವುದಕ್ಕಿಂತ ಈ ಹಾಳೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಲ್ ಮುದ್ರಿಸುವುದು, ನುಡಿ ತಂತ್ರಾಂಶದಲ್ಲಿ ಕನ್ನಡ ಪತ್ರ ಬರೆಯುವುದು, ಪಹಣಿಯ ಪಿಡಿಎಫ್ ತೆರೆಯುವುದು, ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ತೆರೆಯುವುದು, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸಿ ರಿಟರ್ನ್ ಸಲ್ಲಿಸುವುದು, ಸ್ಕ್ಯಾನರಿನಿಂದ ಆಧಾರ್ ಪ್ರತಿ ತೆಗೆಯುವುದು ಎಂದು ಬರೆದರೆ ಸಾಕು. ಅಪ್‌ಗ್ರೇಡ್ ಮುಗಿದ ದಿನ ಇದೇ ಹಾಳೆಯನ್ನು ಹಿಡಿದುಕೊಂಡು ಒಂದೊಂದನ್ನೂ ಮಾಡಿ ನೋಡಬೇಕು. ಗಿರಾಕಿ ಎದುರಿಗೆ ನಿಂತಿರುವಾಗ ಪ್ರಿಂಟರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯುವುದಕ್ಕಿಂತ ಇದು ಮೇಲು.

ಯಂತ್ರ ಹೊಸ ಆವೃತ್ತಿಗೆ ಅರ್ಹವೇ ಎಂಬುದು ಮುಂದಿನ ಪ್ರಶ್ನೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಸಂಗ್ರಹ ಜಾಗ, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನವಷ್ಟೇ ಅರ್ಹ. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಇದನ್ನೆಲ್ಲ ತಾನೇ ನೋಡಿ ಹೇಳುತ್ತದೆ. 4 ಜಿಬಿ ರ್‍ಯಾಮ್ ಸಾಕೆಂದು ಕಾಗದದಲ್ಲಿ ಇದ್ದರೂ 8 ಜಿಬಿಗಿಂತ ಕಡಿಮೆ ಇರುವ ಯಂತ್ರದಲ್ಲಿ ಹೊಸ ಆವೃತ್ತಿಯನ್ನು ಹಾಕಿಕೊಂಡರೆ ಬದಲಾವಣೆಗಿಂತ ನಿಧಾನಗತಿಯೇ ಹೆಚ್ಚು ಬೇಸರ ತರುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರಕ್ಕೆ ಮೊದಲು ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಎಸ್‌ಎಸ್‌ಡಿ ಹಾಕಿಸಿ ನಂತರ ಮುಂದುವರಿಯುವುದು ಒಳಿತು.

ಕರಾವಳಿಯ ಹಳೆಯ ಅಂಗಡಿಗಳಿಗೂ ಸಣ್ಣ ಸಂಘಗಳಿಗೂ ಅನ್ವಯಿಸುವ ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ವಿಂಡೋಸ್ 11 ದೊರೆಯುವುದು 64 ಬಿಟ್ ರೂಪದಲ್ಲಿ ಮಾತ್ರ. ಡಾಸ್ ಕಾಲದ ಲೆಕ್ಕಪತ್ರ ತಂತ್ರಾಂಶಗಳು, ಫಾಕ್ಸ್‌ಪ್ರೋದಲ್ಲಿ ಯಾರೋ ಬರೆದುಕೊಟ್ಟ ಬಿಲ್ಲಿಂಗ್ ಕಾರ್ಯಕ್ರಮಗಳು 32 ಬಿಟ್ ವಿಂಡೋಸ್‌ನಲ್ಲಿ ಇಷ್ಟು ವರ್ಷ ಹೇಗೋ ನಡೆದುಕೊಂಡು ಬಂದಿರುತ್ತವೆ. 64 ಬಿಟ್ ವಿಂಡೋಸ್ ಅವುಗಳನ್ನು ನೇರವಾಗಿ ನಡೆಸುವುದಿಲ್ಲ. ಡಾಸ್‌ಬಾಕ್ಸ್‌ನಂಥ ಅನುಕರಣಾ ತಂತ್ರಾಂಶದಲ್ಲಿ ಕೆಲವು ನಡೆಯುತ್ತವೆ, ಆದರೆ ಮುದ್ರಣದ ಸಂಗತಿ ಬಂದಾಗ, ಅದರಲ್ಲೂ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ನೇರವಾಗಿ ಬರೆಯುವ ತಂತ್ರಾಂಶವಾದರೆ, ತೊಡಕು ಎದುರಾಗುತ್ತದೆ. ಇಂಥ ತಂತ್ರಾಂಶವೇ ವ್ಯವಹಾರದ ಜೀವಾಳವಾಗಿದ್ದರೆ ಹಳೆಯ ಯಂತ್ರವನ್ನು ಇಂಟರ್‌ನೆಟ್ ಸಂಪರ್ಕದಿಂದ ಬೇರ್ಪಡಿಸಿ ಆ ಒಂದೇ ಕೆಲಸಕ್ಕೆ ಮೀಸಲಿಡಿ. ಉಳಿದ ಕೆಲಸಗಳಿಗೆ ಬೇರೆ ಯಂತ್ರ ಇರಲಿ.

ಬ್ಯಾಕಪ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ: ಎಲ್ಲ ಕಡತಗಳ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ, ಆ ಡಿಸ್ಕ್ ಅಪ್‌ಗ್ರೇಡ್ ನಡೆಯುವಾಗ ಕಂಪ್ಯೂಟರಿಗೆ ಸಿಕ್ಕಿಸಿಕೊಂಡಿರದಿರಲಿ. ದಿನವನ್ನೂ ನೋಡಿ ಆರಿಸಬೇಕು. ಮಾರ್ಚ್ ಕೊನೆಯ ವಾರ ಲೆಕ್ಕಪರಿಶೋಧಕರಿಗೆ ಸಲ್ಲದು, ಮದುವೆ ಮತ್ತು ಬ್ರಹ್ಮಕಲಶೋತ್ಸವಗಳ ಆಮಂತ್ರಣ ಪತ್ರಿಕೆಗಳು ಸಾಲುಗಟ್ಟಿರುವ ಬೇಸಗೆಯ ತಿಂಗಳುಗಳು ಮುದ್ರಣಾಲಯಕ್ಕೆ ಸಲ್ಲವು, ಗುಡುಗು ಸಿಡಿಲಿನೊಂದಿಗೆ ಮಳೆ ಸುರಿಯುವ ಸಂಜೆ ಯಾರಿಗೂ ಸಲ್ಲದು. ಅಪ್‌ಗ್ರೇಡ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ಮರಳಲು ಯತ್ನಿಸುತ್ತದೆ, ಆದರೆ ಆ ಯತ್ನವನ್ನು ಪರೀಕ್ಷೆಗೆ ಒಡ್ಡುವ ಅಗತ್ಯವಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಬಾನು ತಿಳಿಯಾಗಿರುವ ಬೆಳಗ್ಗೆ ಶುರು ಮಾಡಬೇಕು.

ಮೊದಲ ವಾರ: ಸರಿಪಡಿಸಬೇಕಾದವು, ಬಿಟ್ಟುಬಿಡಬೇಕಾದವು

ಹೊಸ ಆವೃತ್ತಿಯಲ್ಲಿ ಇಷ್ಟವಾಗದ ಎಲ್ಲವನ್ನೂ ಹಳೆಯದರಂತೆ ಮಾಡಹೊರಟರೆ ತಿಂಗಳಾದರೂ ಸಾಲದು. ಒಂದು ಬಗೆಯ ಬದಲಾವಣೆ ಒಂದೇ ಸೆಟ್ಟಿಂಗ್‌ನಿಂದ ಹಳೆಯದಕ್ಕೆ ಮರಳುತ್ತದೆ, ಅದನ್ನು ಮರಳಿಸಿಬಿಡಿ. ಇನ್ನೊಂದು ಬಗೆ ಮರಳುವುದಿಲ್ಲ, ಅದಕ್ಕೆ ಕೀಲಿ ಕಲಿಯಿರಿ. ಹೊರಗಿನ ಯಾವುದೋ ತಂತ್ರಾಂಶ ತಂದು ಹಾಕಿ ಇಡೀ ಮುಖವನ್ನೇ ವಿಂಡೋಸ್ 7ರಂತೆ ಮಾಡಿಕೊಳ್ಳುವವರೂ ಇದ್ದಾರೆ. ಅಂಥ ತಂತ್ರಾಂಶಗಳು ದೊಡ್ಡ ಅಪ್‌ಡೇಟ್ ಬಂದಾಗ ಕೈಕೊಡುವುದು ಸಾಮಾನ್ಯವಾದ್ದರಿಂದ ಕಚೇರಿ ಕೆಲಸದ ಯಂತ್ರದಲ್ಲಿ ಅವು ಬೇಡವೆಂಬುದೇ ನನ್ನ ಅಭಿಪ್ರಾಯ. ತಾಳಿದರೆ ಕೆಲವೊಮ್ಮೆ ಕಂಪನಿಯೇ ಹಳೆಯದನ್ನು ಹಿಂದಕ್ಕೆ ತರುತ್ತದೆ. 2012ರ ವಿಂಡೋಸ್ 8ರಲ್ಲಿ ತೆಗೆದುಹಾಕಿದ ಸ್ಟಾರ್ಟ್ ಗುಂಡಿ 2013ರ 8.1ರಲ್ಲಿ ಮರಳಿತು. ಟಾಸ್ಕ್‌ಬಾರಿನಲ್ಲಿ ತೆರೆದ ಕಿಟಕಿಗಳ ಹೆಸರುಗಳನ್ನು ಬೇರೆ ಬೇರೆಯಾಗಿ ತೋರಿಸುವ ಸೌಲಭ್ಯವೂ ವಿಂಡೋಸ್ 11ರ ಮೊದಲ ಆವೃತ್ತಿಯಲ್ಲಿ ಇರಲಿಲ್ಲ, 2023ರಲ್ಲಿ ಬಂತು.

ಮೊದಲು ಸರಿಪಡಿಸಬಹುದಾದದ್ದು ಟಾಸ್ಕ್‌ಬಾರ್. ಕೀಬೋರ್ಡಿನಲ್ಲಿ ನಾಲ್ಕು ಚೌಕದ ಗುರುತಿರುವ ವಿಂಡೋಸ್ ಕೀಲಿಯೊಂದಿಗೆ ಐ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಅಲ್ಲಿ ಪರ್ಸನಲೈಸೇಶನ್, ಅದರೊಳಗೆ ಟಾಸ್ಕ್‌ಬಾರ್, ಅದರ ಕೊನೆಯಲ್ಲಿ ಟಾಸ್ಕ್‌ಬಾರ್ ಬಿಹೇವಿಯರ್ಸ್ ಎಂಬ ಭಾಗ ಇದೆ. ಅಲೈನ್‌ಮೆಂಟ್ ಎಂಬಲ್ಲಿ ಲೆಫ್ಟ್ ಎಂದು ಆರಿಸಿದರೆ ನಡುವಿಗೆ ಬಂದು ಕೂತಿದ್ದ ಸ್ಟಾರ್ಟ್ ಗುಂಡಿ ತನ್ನ ಹಳೆಯ ಎಡಮೂಲೆಗೆ ಹೋಗುತ್ತದೆ. ಅದೇ ಪುಟದಲ್ಲಿ ಕಂಬೈನ್ ಎಂಬ ಪದದಿಂದ ಶುರುವಾಗುವ ಆಯ್ಕೆಗೆ ನೆವರ್ ಎಂದು ಕೊಟ್ಟರೆ ತೆರೆದಿರುವ ನಾಲ್ಕು ವರ್ಡ್ ಕಡತಗಳು ನಾಲ್ಕಾಗಿಯೇ ಕಾಣುತ್ತವೆ. ಒಟ್ಟೊಟ್ಟಿಗೆ ಹಲವು ದಾಖಲೆಗಳನ್ನು ತೆರೆದಿಟ್ಟು ಕೆಲಸ ಮಾಡುವ ವಕೀಲರಿಗೂ ಗುಮಾಸ್ತರಿಗೂ ಈ ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ಉಪಕಾರ.

ಸ್ಟಾರ್ಟ್ ಮೆನುವಿನ ವಿಚಾರದಲ್ಲಿ ಮಾತ್ರ ಹಳೆಯ ರೂಪವನ್ನು ಬೆನ್ನಟ್ಟುವುದು ವ್ಯರ್ಥ. 1995ರಿಂದ ಈಚೆಗೆ ಅದು ಪದೇ ಪದೇ ರೂಪ ಬದಲಿಸಿದೆ, ವಿಂಡೋಸ್ 11ರೊಳಗೇ ಮತ್ತೆ ಬದಲಾಗಿದೆ. ವಿಂಡೋಸ್ ಕೀಲಿಯನ್ನು ಒತ್ತಿ, ಎಲ್ಲಿಯೂ ಕ್ಲಿಕ್ ಮಾಡದೆ, ಬೇಕಾದ ತಂತ್ರಾಂಶದ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಟೈಪ್ ಮಾಡಿ ಎಂಟರ್ ಒತ್ತುವುದನ್ನು ರೂಢಿಸಿಕೊಂಡರೆ ಮೆನು ಹೇಗೆ ಇದ್ದರೂ ನಿಮ್ಮ ಕೆಲಸ ನಡೆಯುತ್ತದೆ. ಕಂಟ್ರೋಲ್ ಪ್ಯಾನಲ್ ಎಲ್ಲಿ ಹೋಯಿತೆಂದು ಕೇಳುವವರಿಗೂ ಉತ್ತರ ಇದೇ: ಅದು ಇನ್ನೂ ಇದೆ, ಹೆಸರು ಟೈಪ್ ಮಾಡಿದರೆ ಬರುತ್ತದೆ.

ರೈಟ್ ಕ್ಲಿಕ್ ಮಾಡಿದಾಗ ಬರುವ ಪಟ್ಟಿಯ ಬಗ್ಗೆ ದೂರು ಹೆಚ್ಚು. ಕಟ್, ಕಾಪಿ, ಪೇಸ್ಟ್, ರೀನೇಮ್, ಡಿಲೀಟ್ ಎಂಬ ಪದಗಳು ಅಲ್ಲಿ ಪಟ್ಟಿಯಿಂದ ಹೊರಬಿದ್ದು ಮೇಲೆಯೋ ಕೆಳಗೋ ಒಂದು ಸಾಲಿನ ಚಿತ್ರಗಳಾಗಿವೆ. 2024ರ ಅಕ್ಟೋಬರ್‌ನಲ್ಲಿ ಬಂದ 24ಎಚ್2 ಆವೃತ್ತಿಯಿಂದ ಆ ಚಿತ್ರಗಳ ಕೆಳಗೆ ಹೆಸರೂ ಕಾಣುತ್ತದೆ. ಪೂರ್ತಿ ಹಳೆಯ ಪಟ್ಟಿಯೇ ಬೇಕಾದಾಗ ಕೊನೆಯಲ್ಲಿರುವ ಶೋ ಮೋರ್ ಆಪ್ಷನ್ಸ್ ಒತ್ತಬೇಕು, ಇಲ್ಲವೇ ಶಿಫ್ಟ್ ಹಿಡಿದುಕೊಂಡು ಎಫ್10 ಒತ್ತಬೇಕು. ಆದರೆ ಕಾಪಿಗೆ ಕಂಟ್ರೋಲ್ ಮತ್ತು ಸಿ, ಪೇಸ್ಟ್‌ಗೆ ಕಂಟ್ರೋಲ್ ಮತ್ತು ವಿ, ಹೆಸರು ಬದಲಿಸಲು ಎಫ್2 ಎಂಬುದು ಕೈಗೆ ಬಂದರೆ ಈ ಪಟ್ಟಿಯ ಹಂಗೇ ಇರುವುದಿಲ್ಲ. ವೈಫೈ, ಶಬ್ದ, ಬೆಳಕು ಇರುವ ಪುಟ್ಟ ಫಲಕಕ್ಕೆ ವಿಂಡೋಸ್ ಕೀಲಿ ಮತ್ತು ಎ. ಕ್ಯಾಲೆಂಡರ್ ಮತ್ತು ಸೂಚನೆಗಳಿಗೆ ವಿಂಡೋಸ್ ಕೀಲಿ ಮತ್ತು ಎನ್. ಫೈಲ್ ಎಕ್ಸ್‌ಪ್ಲೋರರಿಗೆ ಎಂದಿನಂತೆ ವಿಂಡೋಸ್ ಕೀಲಿ ಮತ್ತು ಇ. ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ಮಾನಿಟರಿನ ಅಂಚಿಗೆ ಅಂಟಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಪ್ರಿಂಟ್ ಸ್ಕ್ರೀನ್ ಒತ್ತಿ ನೇರವಾಗಿ ವರ್ಡ್‌ಗೆ ಪೇಸ್ಟ್ ಮಾಡುತ್ತಿದ್ದವರಿಗೆ ಈಗ ಪರದೆ ಮಸುಕಾಗಿ ಒಂದು ಆಯ್ಕೆಯ ಪಟ್ಟಿ ಬರುತ್ತದೆ. ಬೇಡವಾದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದ ಕೀಬೋರ್ಡ್ ಪುಟದಲ್ಲಿ ಅದನ್ನು ನಿಲ್ಲಿಸಬಹುದು. ಪಿಡಿಎಫ್ ಕಡತಗಳು ಎಡ್ಜ್ ಬ್ರೌಸರಿನಲ್ಲಿ ತೆರೆಯತೊಡಗಿದ್ದರೆ ಆ್ಯಪ್ಸ್ ವಿಭಾಗದ ಡೀಫಾಲ್ಟ್ ಆ್ಯಪ್ಸ್‌ನಲ್ಲಿ ಪಿಡಿಎಫ್ ಎಂದು ಹುಡುಕಿ ನಿಮ್ಮ ಎಂದಿನ ರೀಡರನ್ನು ಆರಿಸಿ. ವರ್ಡ್‌ಪ್ಯಾಡ್ 24ಎಚ್2ರಿಂದ ಇಲ್ಲವೇ ಇಲ್ಲ. ಅದರಲ್ಲಿ ಬರೆಯುತ್ತಿದ್ದವರು ಲಿಬ್ರೆ ಆಫೀಸ್‌ನಂಥ ಉಚಿತ ತಂತ್ರಾಂಶವನ್ನು ಮೊದಲೇ ಹಾಕಿಸಿಕೊಳ್ಳಬಹುದು.

ಪ್ರಿಂಟರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಬ್ಲೂಟೂತ್ ಆ್ಯಂಡ್ ಡಿವೈಸಸ್ ಒಳಗಿನ ಪ್ರಿಂಟರ್ಸ್ ಪುಟದಲ್ಲಿ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿರ್ವಹಿಸಲಿ ಎಂಬ ಆಯ್ಕೆ ಚಾಲೂ ಇದ್ದರೆ, ಕೊನೆಯ ಬಾರಿ ಬಳಸಿದ ಪ್ರಿಂಟರೇ ಮುಂದಿನ ಬಾರಿಗೂ ಮುಖ್ಯ ಪ್ರಿಂಟರಾಗುತ್ತದೆ. ಒಮ್ಮೆ ಪಿಡಿಎಫ್‌ಗೆ ಮುದ್ರಿಸಿದ ಬಳಿಕ ಬಿಲ್‌ಗಳೆಲ್ಲ ಕಾಗದಕ್ಕೆ ಬರುವ ಬದಲು ಕಡತಗಳಾಗಿ ಉಳಿಯುವುದು ಈ ಕಾರಣಕ್ಕೆ. ಎರಡು ಪ್ರಿಂಟರ್ ಇರುವ ಕಚೇರಿಯಲ್ಲಿ ಇದನ್ನು ಆಫ್ ಮಾಡಿ, ಮುಖ್ಯವಾದದ್ದನ್ನು ಕೈಯಾರೆ ಗೊತ್ತುಮಾಡಿಡಬೇಕು.

ಪಕ್ಕದ ಕಂಪ್ಯೂಟರಿನ ಫೋಲ್ಡರ್ ತೆರೆಯದೆ ಹೋದರೆ ಅದಕ್ಕೂ ಕಾರಣ ಇದೆ. ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಹೋಗುವ ಹಳೆಯ ಪದ್ಧತಿಯನ್ನು 24ಎಚ್2ರ ಪ್ರೋ ಆವೃತ್ತಿ ಒಪ್ಪುವುದಿಲ್ಲ. ಭದ್ರತೆಯನ್ನು ಸಡಿಲಿಸುವ ದಾರಿಗಳನ್ನು ಹುಡುಕುವುದಕ್ಕಿಂತ, ಫೋಲ್ಡರ್ ಇರುವ ಯಂತ್ರದಲ್ಲಿ ಪಾಸ್‌ವರ್ಡ್ ಸಹಿತ ಒಂದು ಬಳಕೆದಾರ ಖಾತೆಯನ್ನು ಸೃಷ್ಟಿಸಿ, ಆ ಹೆಸರಿನಿಂದಲೇ ಉಳಿದ ಯಂತ್ರಗಳಿಂದ ಒಳಹೋಗುವುದು ಸರಿಯಾದ ಪರಿಹಾರ.

ಕನ್ನಡದ ಕೆಲಸ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅಪ್‌ಗ್ರೇಡ್ ಆದ ಮೇಲೆ, ಅದರಲ್ಲೂ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡ ಮೇಲೆ, ಮೂರು ಬಗೆಯ ತೊಡಕುಗಳು ಎದುರಾಗುತ್ತವೆ, ಮೂರನ್ನೂ ಒಂದೇ ಎಂದು ತಿಳಿದು ಜನ ಕಂಗೆಡುತ್ತಾರೆ.

ಒಂದು, ಹಳೆಯ ಕಡತಗಳು. ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಪದ್ಧತಿ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಬರೆದ ದಾಖಲೆಗಳು ಕರಾವಳಿಯ ಡಿಟಿಪಿ ಅಂಗಡಿಗಳಲ್ಲಿ ರಾಶಿ ರಾಶಿ ಇವೆ: ಯಕ್ಷಗಾನದ ಕರಪತ್ರ, ನೇಮೋತ್ಸವದ ಆಮಂತ್ರಣ, ಕ್ರಯಪತ್ರದ ಕರಡು, ಶಾಲೆಯ ವಾರ್ಷಿಕ ವರದಿ. ಇಂಥ ಕಡತದೊಳಗೆ ಇರುವುದು ವಾಸ್ತವದಲ್ಲಿ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ನಿರ್ದಿಷ್ಟ ಫಾಂಟ್. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಡತ ಹಾಳಾಗಿಲ್ಲ, ಗಾಬರಿಯಲ್ಲಿ ಅದನ್ನು ಅಳಿಸಬಾರದು, ಹಾಗೆಯೇ ಸೇವ್ ಮಾಡುವುದೂ ಬೇಡ. ಹಳೆಯ ಯಂತ್ರದ ಫಾಂಟ್ ಫೋಲ್ಡರಿನಿಂದ ಆ ಫಾಂಟನ್ನು ತಂದು ಹಾಕಿದರೆ ಅಕ್ಷರಗಳು ಮರಳುತ್ತವೆ. ಹಾಕುವಾಗ ಫಾಂಟ್ ಕಡತದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಎಂಬುದನ್ನೇ ಆರಿಸಬೇಕು; ಪಟ್ಟಿಯಲ್ಲಿ ಅದು ಕಾಣದಿದ್ದರೆ ಶೋ ಮೋರ್ ಆಪ್ಷನ್ಸ್ ಒತ್ತಬೇಕು. ಬರೀ ಇನ್‌ಸ್ಟಾಲ್ ಎಂದರೆ ಫಾಂಟ್ ಒಬ್ಬ ಬಳಕೆದಾರನ ಖಾತೆಯಲ್ಲಷ್ಟೇ ಕೂರುತ್ತದೆ, ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಗಳಿಗೆ ಅದು ಕಾಣದೆ ಹೋಗಬಹುದು. ವಿಂಡೋಸ್‌ನದೇ ಆದ ತುಂಗಾ ಫಾಂಟ್ ಬಳಸಿದ ಕಡತಗಳ ರೂಪ ಬದಲಾಗಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಎಂಬುದನ್ನು ಸೇರಿಸಿಕೊಳ್ಳಬೇಕು. ವಿಂಡೋಸ್ 10ರ ಕಾಲದಿಂದ ತುಂಗಾ ಅಲ್ಲಿಗೆ ಸರಿದಿದೆ, ಸಾಮಾನ್ಯವಾಗಿ ಕಾಣುವ ಕನ್ನಡ ಈಗ ನಿರ್ಮಲಾ ಫಾಂಟಿನದು.

ಮುಂದೆಯೂ ಬೇಕಾಗುವ ದಾಖಲೆಗಳನ್ನು ಈ ನೆಪದಲ್ಲಾದರೂ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ನುಡಿ ಮತ್ತು ಬರಹ ಎರಡರಲ್ಲೂ ಪರಿವರ್ತಕಗಳಿವೆ. ಪರಿವರ್ತಿಸಿದ ಪ್ರತಿಯನ್ನು ಹೊಸ ಹೆಸರಿನಲ್ಲಿ ಉಳಿಸಿ, ಹಳೆಯದನ್ನೂ ಇಟ್ಟುಕೊಂಡು, ಒಮ್ಮೆ ಪೂರ್ತಿ ಓದಬೇಕು. ನಡುನಡುವೆ ಇದ್ದ ಇಂಗ್ಲಿಷ್ ಪದಗಳೂ ಅಂಕಿಗಳೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾಗಿರಬಹುದು, ಅರ್ಕಾವತ್ತು ಇರುವ ಪದಗಳಲ್ಲಿ ಅಕ್ಷರಗಳ ಕ್ರಮ ತಪ್ಪಿರಬಹುದು. ಸರ್ವೆ ನಂಬರು ಇರುವ ಆಸ್ತಿಪತ್ರದಲ್ಲಿ ಇಂಥದ್ದು ಉಳಿದರೆ ಕಷ್ಟ.

ಎರಡು, ಕೀಲಿಮಣೆ. ವಿಂಡೋಸ್‌ನಲ್ಲಿ ಕನ್ನಡ ಭಾಷೆಯನ್ನು ಸೇರಿಸಿದಾಗ ತಾನಾಗಿ ಬರುವ ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ನಮ್ಮಲ್ಲಿ ಬಹುತೇಕರಿಗೆ ರೂಢಿಯಾಗಿರುವುದು ನುಡಿಯ ವಿನ್ಯಾಸ, ಅಂದರೆ ಮಂಗಳೂರು ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಎರಡರ ನಡುವಿನ ವ್ಯತ್ಯಾಸ ತಿಳಿಯದೆ ಕೂತು ‘ಅಕ್ಕ’ ಎಂದು ಬರೆಯಲು ಎಂದಿನಂತೆ ಎ, ಕೆ, ಎಫ್, ಕೆ ಕೀಲಿಗಳನ್ನು ಒತ್ತಿದರೆ, ಪರದೆಯಲ್ಲಿ ಮೊದಲು ಯಾವ ವ್ಯಂಜನಕ್ಕೂ ಸೇರದ ಒಂಟಿ ಓತ್ವದ ಚಿಹ್ನೆ, ಅದರ ಹಿಂದೆಯೇ ‘ಕಿಕ’ ಮೂಡುತ್ತದೆ. ನುಡಿಯಲ್ಲಿ ಒತ್ತಕ್ಷರ ಕೊಡುವ ಎಫ್ ಕೀಲಿ ಇನ್‌ಸ್ಕ್ರಿಪ್ಟ್‌ನಲ್ಲಿ ಗುಡಿಸು ಕೊಡುತ್ತದೆ ಎಂಬುದೇ ಇದರ ಗುಟ್ಟು. ಹೀಗಾದಾಗ ಹೊಸ ವಿನ್ಯಾಸ ಕಲಿಯುವ ಅಗತ್ಯವಿಲ್ಲ. ನುಡಿಯ ಹೊಸ ಆವೃತ್ತಿಯನ್ನು ಹಾಕಿಕೊಂಡು, ಅದನ್ನು ಬಳಸುವಾಗ ವಿಂಡೋಸ್‌ನ ಕೀಲಿಮಣೆಯನ್ನು ಇಂಗ್ಲಿಷ್‌ನಲ್ಲೇ ಇಟ್ಟರಾಯಿತು. ಎರಡೂ ಒಟ್ಟಿಗೆ ಕನ್ನಡದಲ್ಲಿದ್ದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ.

ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಬರೆದು ಅಭ್ಯಾಸವಿರುವವರಿಗೆ ವಿಂಡೋಸ್‌ನಲ್ಲೇ ಕನ್ನಡ ಫೊನೆಟಿಕ್ ಎಂಬ ಕೀಲಿಮಣೆ ಇದೆ. 2019ರ ಮೇ ಅಪ್‌ಡೇಟ್‌ನಿಂದ ಅದು ಲಭ್ಯ. ಟೈಮ್ ಆ್ಯಂಡ್ ಲ್ಯಾಂಗ್ವೇಜ್ ವಿಭಾಗದಲ್ಲಿ ಕನ್ನಡದ ಎದುರಿನ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು ಅದನ್ನು ಸೇರಿಸಿ, ಬಳಸದ ಇನ್‌ಸ್ಕ್ರಿಪ್ಟನ್ನು ತೆಗೆದುಬಿಡಿ. ಒಂದು ಕೀಲಿಮಣೆಯಿಂದ ಇನ್ನೊಂದಕ್ಕೆ ಹೋಗಲು ವಿಂಡೋಸ್ ಕೀಲಿ ಮತ್ತು ಸ್ಪೇಸ್. ಪಟ್ಟಿಯಲ್ಲಿ ಬೇಡದ ಕೀಲಿಮಣೆಗಳು ಹೆಚ್ಚಿದಷ್ಟೂ ಗೊಂದಲವೂ ಹೆಚ್ಚು.

ಮೂರನೆಯದು ಸಣ್ಣದು, ಆದರೆ ಬೆಳಗ್ಗೆ ಕಚೇರಿ ತೆರೆಯುವ ಹೊತ್ತಿನಲ್ಲಿ ತಲೆ ಕೆಡಿಸುತ್ತದೆ. ಲಾಗಿನ್ ಪರದೆಯಲ್ಲಿ ಕೀಲಿಮಣೆ ಕನ್ನಡದಲ್ಲಿ ಇದ್ದರೆ, ಸರಿಯಾದ ಪಾಸ್‌ವರ್ಡ್ ಒತ್ತಿದರೂ ತಪ್ಪೆಂದು ಬರುತ್ತದೆ. ಅಕ್ಷರಗಳು ಚುಕ್ಕೆಗಳಾಗಿ ಕಾಣುವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪರದೆಯ ಕೆಳಗೆ ಬಲಭಾಗದಲ್ಲಿ ಭಾಷೆಯ ಗುರುತು ಇರುತ್ತದೆ. ಪಾಸ್‌ವರ್ಡ್ ಮರೆತುಹೋಯಿತೆಂದು ನಿರ್ಧರಿಸುವ ಮೊದಲು ಅತ್ತ ನೋಡಿ.

ವನ್‌ಡ್ರೈವ್ ಮತ್ತು ಡಿಸ್ಕಿನ ಬೀಗ

ಹೊಸ ಯಂತ್ರದಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋದಾಗ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳು ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಸಂಗ್ರಹವಾದ ವನ್‌ಡ್ರೈವ್‌ಗೆ ಸೇರಿಕೊಂಡಿರುವುದು ಸಾಮಾನ್ಯ. ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ. ಫೋಟೊಗಳಿಂದ ಅದು ತುಂಬಿದೊಡನೆ ಜಾಗ ಸಾಲದೆಂಬ ಸೂಚನೆಗಳು ಶುರುವಾಗುತ್ತವೆ. ಬೇಡವೆಂದು ಬ್ಯಾಕಪ್ ನಿಲ್ಲಿಸಿದಾಗ ಡೆಸ್ಕ್‌ಟಾಪ್ ಬರಿದಾದಂತೆ ಕಾಣಬಹುದು. ಕಡತಗಳು ವನ್‌ಡ್ರೈವ್ ಫೋಲ್ಡರಿನೊಳಗಿನ ಡೆಸ್ಕ್‌ಟಾಪ್ ಎಂಬ ಫೋಲ್ಡರಿನಲ್ಲಿ ಇರುತ್ತವೆ, ಅಲ್ಲಿಂದ ಹಿಂದಕ್ಕೆ ತರಬಹುದು. ಕಡತದ ಪಕ್ಕದಲ್ಲಿ ಮೋಡದ ಗುರುತು ಇದ್ದರೆ ಅದು ನಿಮ್ಮ ಯಂತ್ರದಲ್ಲಿ ಇಲ್ಲ, ಇಂಟರ್‌ನೆಟ್ ಇದ್ದಾಗಷ್ಟೇ ತೆರೆಯುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾಗುವ ಊರುಗಳಲ್ಲಿ, ದಿನವೂ ಬೇಕಾಗುವ ಫೋಲ್ಡರುಗಳ ಮೇಲೆ ರೈಟ್ ಕ್ಲಿಕ್ ಮಾಡಿ ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್ ಎಂದು ಗುರುತಿಟ್ಟುಕೊಳ್ಳುವುದು ಅಗತ್ಯ.

24ಎಚ್2 ಹೊಸದಾಗಿ ಹಾಕಿದ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆ ಸೇರಿಸಿದೊಡನೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದುಂಟು, ಅಂದರೆ ಬೇರೆಯವರು ಓದಲಾಗದಂತೆ ಅದಕ್ಕೆ ಬೀಗ ಬೀಳುತ್ತದೆ. ಕಳ್ಳತನವಾದರೆ ಇದು ರಕ್ಷೆ, ಆದರೆ ದುರಸ್ತಿಯಲ್ಲಿ ಮದರ್‌ಬೋರ್ಡ್ ಬದಲಾದರೆ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಒಳಗಿನ ಕಡತಗಳನ್ನು ಯಾವ ಅಂಗಡಿಯವರೂ ತೆಗೆದುಕೊಡಲಾರರು. ಉಪ್ಪುಗಾಳಿ ಮತ್ತು ತೇವದಿಂದ ಲ್ಯಾಪ್‌ಟಾಪುಗಳು ದುರಸ್ತಿಗೆ ಹೋಗುವುದು ಕರಾವಳಿಯಲ್ಲಿ ಅಪರೂಪವಲ್ಲ. ಖಾತೆಯ ಜಾಲತಾಣಕ್ಕೆ ಹೋಗಿ ಆ ಕೀಯನ್ನು ಈಗಲೇ ಮುದ್ರಿಸಿ, ಮನೆಯ ದಾಖಲೆಗಳ ಜೊತೆ ಇಟ್ಟುಬಿಡಿ.

ಹಿಂದಕ್ಕೆ ಹೋಗಬೇಕೆನಿಸಿದರೆ

ವಿಂಡೋಸ್ 10ರ ಮೇಲೆಯೇ ಅಪ್‌ಗ್ರೇಡ್ ಮಾಡಿಕೊಂಡವರಿಗೆ ಮರಳಲು 10 ದಿನಗಳ ಅವಕಾಶವಿದೆ. ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ರಿಕವರಿ, ಅದರಲ್ಲಿ ಗೋ ಬ್ಯಾಕ್. ಕಡತಗಳು ಉಳಿಯುತ್ತವೆ, ಅಪ್‌ಗ್ರೇಡ್ ಆದ ಮೇಲೆ ಹಾಕಿದ ತಂತ್ರಾಂಶಗಳು ಹೋಗುತ್ತವೆ. ಜಾಗ ಉಳಿಸಲೆಂದು ಹಳೆಯ ವಿಂಡೋಸ್‌ನ ಫೋಲ್ಡರನ್ನು ಆ ಮೊದಲೇ ಅಳಿಸಿದರೆ ಈ ದಾರಿ ಮುಚ್ಚುತ್ತದೆ. ಮುಖ್ಯ ತಂತ್ರಾಂಶವೊಂದು ನಡೆಯುತ್ತಲೇ ಇಲ್ಲ ಎಂಬುದು ಮರಳಲು ತಕ್ಕ ಕಾರಣ, ಗುಂಡಿಗಳ ಆಕಾರ ಹಿಡಿಸಲಿಲ್ಲ ಎಂಬುದು ಅಲ್ಲ. ಈ 10 ದಿನಗಳಲ್ಲೇ ಬದಲಾಯಿಸುವ ಮುನ್ನ ಬರೆದುಕೊಂಡ ಹಾಳೆಯ ಎಲ್ಲ ಕೆಲಸಗಳ ಪರೀಕ್ಷೆ ಮುಗಿದಿರಬೇಕು.

ಅರ್ಹತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕಿಕೊಡುವವರು ಸಿಗುತ್ತಾರೆ. ಮನೆಯ ಆಟಕ್ಕೆ ಸರಿ, ಲೆಕ್ಕಪತ್ರ ಇರುವ ಯಂತ್ರಕ್ಕೆ ಬೇಡ. ಬ್ರೌಸರ್, ಇಮೇಲ್, ಯೂಟ್ಯೂಬ್ ಇಷ್ಟೇ ಸಾಕಾಗುವ ಮನೆಗಳಲ್ಲಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿ ಹಳೆಯ ಯಂತ್ರವನ್ನು ಇನ್ನಷ್ಟು ವರ್ಷ ನಡೆಸಬಹುದು.

ಅಪ್‌ಗ್ರೇಡ್ ಆದ ಬಳಿಕವೂ ಬದಲಾವಣೆಗಳು ನಿಲ್ಲುವುದಿಲ್ಲ. ಪ್ರತಿ ತಿಂಗಳ ಎರಡನೆಯ ಮಂಗಳವಾರ, ನಮ್ಮಲ್ಲಿ ಆಗ ತಡರಾತ್ರಿ, ಭದ್ರತಾ ಅಪ್‌ಡೇಟ್ ಬಿಡುಗಡೆಯಾಗುತ್ತದೆ. ವರ್ಷದ ಉತ್ತರಾರ್ಧದಲ್ಲಿ ಒಂದು ದೊಡ್ಡ ಆವೃತ್ತಿ ಬರುತ್ತದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಆ್ಯಕ್ಟಿವ್ ಅವರ್ಸ್ ಎಂಬಲ್ಲಿ ನಿಮ್ಮ ಕಚೇರಿಯ ಸಮಯ ಕೊಟ್ಟರೆ ಕೆಲಸದ ನಡುವೆ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ತುರ್ತು ಕೆಲಸವಿರುವ ದಿನಗಳಲ್ಲಿ ಪಾಸ್ (Pause) ಒತ್ತಿ ಅಪ್‌ಡೇಟನ್ನು 5 ವಾರಗಳವರೆಗೆ ಮುಂದೂಡಬಹುದು, ಪೂರ್ತಿ ನಿಲ್ಲಿಸಿಬಿಡುವುದು ಸಲ್ಲದು.

ದೂರದಿಂದ ಹೇಳಿಕೊಡುವವರಿಗೆ

ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ, ತಂದೆತಾಯಿ ಮಣಿಪಾಲದಲ್ಲೋ ಮೂಡುಬಿದಿರೆಯಲ್ಲೋ ಇರುವ ಮನೆಗಳು ನಮ್ಮಲ್ಲಿ ಬಹಳ. ಹಿರಿಯರಿಗೆ ಬದಲಾವಣೆ ಒಗ್ಗದು ಎಂದು ಮೊದಲೇ ತೀರ್ಮಾನಿಸುವುದು ತಪ್ಪು. ಬ್ಯಾಂಕಿನಿಂದ ನಿವೃತ್ತರಾದವರನ್ನೇ ನೋಡಿ, ಕೈಬರಹದ ಲೆಜರಿನಿಂದ ಪೋಸ್ಟಿಂಗ್ ಯಂತ್ರಕ್ಕೆ, ಅಲ್ಲಿಂದ ಕೋರ್ ಬ್ಯಾಂಕಿಂಗ್‌ಗೆ ಬಂದ ತಲೆಮಾರು ಅದು. ತೊಡಕಿರುವುದು ಹೆಚ್ಚಾಗಿ ಹೇಳಿಕೊಡುವ ರೀತಿಯಲ್ಲಿ. ‘ಅಪ್ಪ, ಕೆಳಗೆ ಎಡಗಡೆ ಮೂಲೆಯಲ್ಲಿ ಒತ್ತಿ’ ಎಂದು ಫೋನಿನಲ್ಲಿ ಹೇಳಿದರೆ ಅವರ ಪರದೆಯಲ್ಲಿ ಅಲ್ಲಿ ಹವಾಮಾನದ ಚಿತ್ರ ಇರುತ್ತದೆ. ‘ಕೀಬೋರ್ಡಿನಲ್ಲಿ ನಾಲ್ಕು ಚೌಕದ ಕೀಲಿ ಉಂಟಲ್ಲ, ಅದನ್ನು ಒತ್ತಿ, ಆಮೇಲೆ ಪ್ರಿಂಟರ್ ಅಂತ ಟೈಪ್ ಮಾಡಿ’ ಎಂದರೆ ಯಾವ ಆವೃತ್ತಿಯಲ್ಲೂ ಒಂದೇ ಜಾಗಕ್ಕೆ ತಲಪುತ್ತಾರೆ.

ಕಣ್ಣಾರೆ ನೋಡಿಯೇ ಸರಿಪಡಿಸಬೇಕಾದಾಗ ಕ್ವಿಕ್ ಅಸಿಸ್ಟ್ ಎಂಬ ತಂತ್ರಾಂಶವಿದೆ. ಕಂಟ್ರೋಲ್, ವಿಂಡೋಸ್ ಕೀಲಿ, ಕ್ಯೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ಸಹಾಯ ಮಾಡುವವರು ತಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ ಪಡೆದ ಸಂಕೇತವನ್ನು ಹಿರಿಯರು ತಮ್ಮ ಯಂತ್ರದಲ್ಲಿ ಒತ್ತಿ ಅನುಮತಿ ಕೊಟ್ಟರೆ ಪರದೆ ದೂರದಲ್ಲಿ ಕಾಣುತ್ತದೆ. ವಂಚಕರು ಬಳಸುವುದೂ ಇಂಥ ತಂತ್ರಾಂಶಗಳನ್ನೇ. ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ವಿಂಡೋಸ್ ಹಳೆಯದಾಗಿದೆ, ಸರಿಮಾಡಿಕೊಡುತ್ತೇವೆ ಎಂದು ತಾವಾಗಿ ಕರೆ ಮಾಡುವವರು ಮೈಕ್ರೋಸಾಫ್ಟ್‌ನವರಲ್ಲ. ಸಂಕೇತವನ್ನು ಮನೆಯವರಿಂದ, ಅವರ ಧ್ವನಿ ಗುರುತಿಸಿದ ಮೇಲೆ ಮಾತ್ರ ಪಡೆಯಬೇಕೆಂದು ಮೊದಲೇ ಹೇಳಿಟ್ಟಿರಬೇಕು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.